ರೋಗಿಯ ಉಪವಾಸ ಯಾರ ಪುಣ್ಯ?

ಭಾದ್ರಪದ ಶುಕ್ಲ ಪಂಚಮಿಯಿಂದ ಅನಂತ ಚತುರ್ದಶಿಯವರೆಗಿನ ಹತ್ತು ದಿನಗಳು ಜೈನರ ವರ್ಷಕ್ಕೆ ಕಳಶಪ್ರಾಯವಾದವು. ದಶಲಕ್ಷಣ ಪರ್ವದ ಈ ದಿನಗಳಲ್ಲಿ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಸೀಮೆಯ ಜೈನ ಮನೆಗಳಲ್ಲಿ ಪೂಜೆ, ಶಾಸ್ತ್ರಶ್ರವಣ, ಏಕಭುಕ್ತ, ಉಪವಾಸಗಳು ಶ್ರದ್ಧೆಯಿಂದ ನಡೆಯುತ್ತವೆ. ಇದರಲ್ಲಿ ಯಾರೂ ದೋಷವೆಣಿಸಬೇಕಾದುದಿಲ್ಲ. ಆದರೆ ಪರ್ವ ಮುಗಿಯುವ ಹೊತ್ತಿಗೆ ಅನೇಕ ಕಡೆಗಳಲ್ಲಿ ಶಾಸ್ತ್ರದಲ್ಲಿಲ್ಲದ ಇನ್ನೊಂದು ವಿಧಿ ಆರಂಭವಾಗುತ್ತದೆ. ಯಾರು ಎಷ್ಟು ಉಪವಾಸ ಮಾಡಿದರೆಂಬುದನ್ನು ಫಲಕದ ಮೇಲೆ ಬರೆಯಲಾಗುತ್ತದೆ. ಶಾಲು ಹೊದಿಸಿ, ಹಾರ ಹಾಕಿ, ವಾದ್ಯದೊಡನೆ ಮೆರೆಸಲಾಗುತ್ತದೆ. ಆ ಪಟ್ಟಿಯಲ್ಲಿ ವರ್ಷಗಟ್ಟಲೆ ಔಷಧಿಯ ಮೇಲೆ ಬದುಕಿರುವ ರೋಗಿಯ ಹೆಸರಿದ್ದರೆ ಸಭೆಯ ಮೆಚ್ಚುಗೆ ಇಮ್ಮಡಿಯಾಗುತ್ತದೆ. ‘ಇಷ್ಟು ಬೇನೆಯಲ್ಲಿಯೂ ಹತ್ತು ಉಪವಾಸ!’ ಎಂಬ ಉದ್ಗಾರ ಕೇಳಿಬರುತ್ತದೆ.

ಈ ಉದ್ಗಾರವು ಧರ್ಮಸಮ್ಮತವೇ ಎಂಬುದು ಇಲ್ಲಿಯ ಪ್ರಶ್ನೆ. ರೋಗಿಯ ಶಕ್ತಿಗೆ ಮೀರಿದ ಉಪವಾಸವನ್ನು ಹೊಗಳುವ ಸಮಾಜವು ಆ ರೋಗಿಯ ಹಿಂಸೆಯಲ್ಲಿ ಪಾಲುದಾರವಾಗುತ್ತದೆ. ರೋಗಿಗೆ ತಕ್ಕ ತಪಸ್ಸು ಜಿನಾಗಮದಲ್ಲಿಯೇ ಬೇರೆ ಇದೆ. ಅದನ್ನು ಬಿಟ್ಟು ಇದನ್ನು ಹಿಡಿದಿರುವುದು ಅಜ್ಞಾನವೇ ಹೊರತು ವೈರಾಗ್ಯವಲ್ಲ. ಈ ಮಾತು ಕಟುವಾಗಿ ಕಂಡೀತು. ಆದುದರಿಂದ ಮೊದಲು ರೋಗದ ಸ್ವರೂಪವನ್ನು, ಆಮೇಲೆ ಶಾಸ್ತ್ರದ ಅಭಿಪ್ರಾಯವನ್ನು ಕ್ರಮವಾಗಿ ನೋಡುವುದು ಯುಕ್ತ.

ಎದೆಯುರಿ ಎಂಬ ಸಣ್ಣ ಹೆಸರು

ಎದೆಯುರಿ, ಹುಳಿತೇಗು, ಪಿತ್ತ, ಗ್ಯಾಸು ಎಂದು ಈ ಸೀಮೆಯಲ್ಲಿ ನಾಲ್ಕು ಹೆಸರುಗಳಿಂದ ಕರೆಯುವ ಬೇನೆ ಬಹುಮಟ್ಟಿಗೆ ಒಂದೇ. ಗಂಟಲಿನಿಂದ ಜಠರಕ್ಕೆ ಇಳಿಯುವ ಅನ್ನನಾಳವು ಸುಮಾರು 25 ಸೆಂಟಿಮೀಟರ್ ಉದ್ದದ ಸ್ನಾಯುವಿನ ಕೊಳವೆ. ಅದರ ಕೆಳತುದಿಯಲ್ಲಿ ಬಿಗಿಯಾದ ಸ್ನಾಯುವಿನ ಉಂಗುರವೊಂದಿದೆ. ತುತ್ತು ಬಂದಾಗ ಅದು ತೆರೆಯುತ್ತದೆ, ತುತ್ತು ಇಳಿದೊಡನೆ ಮುಚ್ಚಿಕೊಳ್ಳುತ್ತದೆ. ಈ ಬಾಗಿಲು ಸಡಿಲಾದರೆ ಜಠರದ ಆಮ್ಲ ಮೇಲಕ್ಕೇರುತ್ತದೆ. ಜಠರದ ಒಳಪದರಕ್ಕೆ ಆಮ್ಲವನ್ನು ತಾಳಿಕೊಳ್ಳುವ ಶಕ್ತಿಯುಂಟು, ಅನ್ನನಾಳಕ್ಕಿಲ್ಲ. ದಿನವೂ ಆಮ್ಲ ತಾಗಿದ ಅನ್ನನಾಳ ಹುಣ್ಣಾಗುತ್ತದೆ, ಕಾಲಾಂತರದಲ್ಲಿ ಗಾಯ ಮಾಗಿ ನಾಳ ಕಿರಿದಾಗುತ್ತದೆ, ಕೆಲವರಲ್ಲಿ ಒಳಪದರದ ಸ್ವರೂಪವೇ ಬದಲಾಗಿ ಅರ್ಬುದಕ್ಕೆ ದಾರಿಯಾಗುತ್ತದೆ. ಅಂಗಡಿಯಿಂದ ಗ್ಯಾಸಿನ ಗುಳಿಗೆ ತಂದು ಐದು ವರ್ಷ ನುಂಗುತ್ತ, ಒಮ್ಮೆಯೂ ವೈದ್ಯರಿಗೆ ತೋರಿಸದೆ ಇರುವವರು ಈ ಪೇಟೆಗಳಲ್ಲಿ ಕಡಿಮೆಯಿಲ್ಲ.

ಇದು ಸಾಮಾನ್ಯರ ಮಾತಾಯಿತು. ಕೆಲವರಲ್ಲಿ ಈ ಬೇನೆಗೆ ಇನ್ನೊಂದು ರೋಗ ಜೊತೆಯಾಗಿರುತ್ತದೆ. ದೇಹವನ್ನು ಕಾಯಬೇಕಾದ ರಕ್ಷಣಾವ್ಯವಸ್ಥೆಯೇ ದೇಹವನ್ನು ಶತ್ರುವೆಂದು ಬಗೆದು ಮೇಲೆ ಬೀಳುವ ರೋಗಗಳಿವೆ; ಇವನ್ನು ವೈದ್ಯರು ಆಟೋಇಮ್ಯೂನ್ ರೋಗಗಳೆನ್ನುತ್ತಾರೆ. ಕೀಲುಗಳನ್ನು ಹಿಡಿಯುವ ರುಮಟಾಯ್ಡ್ ಸಂಧಿವಾತ, ಚರ್ಮ, ಮೂತ್ರಪಿಂಡ ಮೊದಲಾದ ಅಂಗಗಳನ್ನು ಹಿಡಿಯುವ ಲೂಪಸ್, ಜೊಲ್ಲು ಮತ್ತು ಕಣ್ಣೀರನ್ನು ಬತ್ತಿಸುವ ಷೋಗ್ರೆನ್, ಚರ್ಮವನ್ನು ತೊಗಲಿನಂತೆ ಬಿಗಿಯಿಸುವ ಸ್ಕ್ಲೀರೋಡರ್ಮಾ ಇವೆಲ್ಲ ಈ ಜಾತಿಯವು.

ಸ್ಕ್ಲೀರೋಡರ್ಮಾ ಕೇವಲ ಚರ್ಮದ ರೋಗವಲ್ಲ. ಹೆಚ್ಚಿನ ರೋಗಿಗಳಲ್ಲಿ ಅದು ಅನ್ನನಾಳದ ಸ್ನಾಯುವನ್ನೂ ದುರ್ಬಲಗೊಳಿಸುತ್ತದೆ. ತುತ್ತನ್ನು ಕೆಳಗೆ ನೂಕುವ ಅಲೆಗಳು ನಿಲ್ಲುತ್ತವೆ, ಬಾಗಿಲಿನ ಉಂಗುರ ಸಡಿಲಾಗುತ್ತದೆ. ಮೇಲೆ ಬಂದ ಆಮ್ಲವನ್ನು ಕೆಳಗೆ ತಳ್ಳುವವರೂ ಇಲ್ಲ, ತಡೆಯುವವರೂ ಇಲ್ಲ. ಚಳಿಗೆ ಬೆರಳುಗಳು ಬೆಳ್ಳಗಾಗಿ ನೀಲಿಗಟ್ಟುವುದು, ಒಣ ರೊಟ್ಟಿ ಎದೆಯಲ್ಲಿ ನಿಂತಂತಾಗುವುದು ಇದರ ಮೊದಲ ಗುರುತುಗಳಾಗಿರಬಹುದು. ಷೋಗ್ರೆನ್ ರೋಗದಲ್ಲಿ ಜೊಲ್ಲೇ ಇರುವುದಿಲ್ಲ. ಆಮ್ಲದ ತೀಕ್ಷ್ಣತೆಯನ್ನು ಕಳೆಯುವ ಕೆಲಸ ಜೊಲ್ಲಿನದು. ಅದು ಬತ್ತಿದರೆ ಉರಿ ಹೆಚ್ಚುತ್ತದೆ, ಗುಳಿಗೆ ನಾಳದ ಗೋಡೆಗೆ ಅಂಟಿ ಸುಡುತ್ತದೆ. ಸಂಧಿವಾತದವರ ಕಷ್ಟ ಬೇರೆ ಬಗೆಯದು. ಕೀಲುನೋವಿಗೆ ನುಂಗುವ ನೋವುನಿವಾರಕಗಳು ಜಠರದಲ್ಲಿ ಹುಣ್ಣು ಮಾಡುತ್ತವೆ, ಬರಿಹೊಟ್ಟೆಯಲ್ಲಿ ನುಂಗಿದರೆ ಹೊಟ್ಟೆಯ ಸಂಕಟ ಇನ್ನೂ ಹೆಚ್ಚುತ್ತದೆ.

ಒಂದು ರೋಗದ ಔಷಧಿ ಇನ್ನೊಂದು ರೋಗವನ್ನು ಕೆರಳಿಸದಂತೆ ನೋಡಿಕೊಳ್ಳುವುದೇ ಇಂಥವರ ನಿತ್ಯದ ವ್ಯವಹಾರ. ಆಮ್ಲ ತಗ್ಗಿಸುವ ಪ್ಯಾಂಟೊಪ್ರಝೋಲ್‌ನಂಥ ಗುಳಿಗೆಯನ್ನು ಬೆಳಗಿನ ಆಹಾರಕ್ಕೆ ಅರ್ಧ ತಾಸು ಮೊದಲು ನುಂಗಬೇಕು. ಆಹಾರವು ಜಠರದ ಆಮ್ಲಯಂತ್ರವನ್ನು ಎಬ್ಬಿಸಿದಾಗಲೇ ಅದು ಪೂರ್ತಿ ಫಲ ಕೊಡುತ್ತದೆ. ಸ್ಟೀರಾಯ್ಡ್ ಗುಳಿಗೆಯನ್ನು ಬೆಳಗ್ಗೆ ಆಹಾರದೊಡನೆ ತೆಗೆದುಕೊಳ್ಳಬೇಕು. ಬಹುಕಾಲ ಅದನ್ನು ನುಂಗಿದವರ ದೇಹ ತನ್ನ ಸ್ವಂತ ಉತ್ಪತ್ತಿಯನ್ನು ನಿಲ್ಲಿಸಿರುತ್ತದೆ; ‘ಪರ್ವದ ಹತ್ತು ದಿನ ಔಷಧಿ ಬೇಡ’ ಎಂದು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಎರವಾಗಬಹುದು. ಮೆಥೊಟ್ರೆಕ್ಸೇಟ್ ವಾರಕ್ಕೊಮ್ಮೆ ಮಾತ್ರ ನುಂಗುವಂಥದು. ಬಿಟ್ಟ ವಾರವನ್ನು ತುಂಬಿಕೊಳ್ಳಲು ದಿನವೂ ನುಂಗಿದರೆ ವಿಷವಾಗುತ್ತದೆ. ಎಲುಬಿನ ಬಲಕ್ಕೆ ಕೊಡುವ ಅಲೆಂಡ್ರೊನೇಟ್ ಗುಳಿಗೆಯನ್ನು ತುಂಬಿದ ಲೋಟ ನೀರಿನೊಡನೆ ನುಂಗಿ ಅರ್ಧ ತಾಸು ನೆಟ್ಟಗೆ ಕುಳಿತಿರಬೇಕು. ಒಂದು ಗುಟುಕು ನೀರಿನಲ್ಲಿ ನುಂಗಿ ಮಲಗಿದರೆ ಅನ್ನನಾಳವನ್ನೇ ಸುಟ್ಟೀತು. ಅನ್ನನಾಳದ ಸ್ನಾಯುವೇ ಕೆಟ್ಟವರಿಗೆ ಈ ಗುಳಿಗೆಯನ್ನು ವೈದ್ಯರು ಸಾಮಾನ್ಯವಾಗಿ ಕೊಡುವುದೇ ಇಲ್ಲ.

ಇಷ್ಟು ಸೂಕ್ಷ್ಮವಾದ ಜಮಾ-ಖರ್ಚಿನ ಮೇಲೆ ಬದುಕುತ್ತಿರುವ ವ್ಯಕ್ತಿಗೆ ‘ಹನಿ ನೀರೂ ಇಲ್ಲದೆ ಹತ್ತು ದಿನ ಮಾಡು’ ಎನ್ನುವುದು, ಅಥವಾ ಹಾಗೆ ಮಾಡಿದವಳನ್ನು ಇನ್ನೊಬ್ಬಳಿಗೆ ಮಾದರಿಯಾಗಿ ತೋರಿಸುವುದು ಎಂಥ ಧರ್ಮ?

ಆಗಮದಲ್ಲಿ ತಪ ಒಂದೇ ಅಲ್ಲ

ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರವನ್ನು ದಶಲಕ್ಷಣ ಪರ್ವದಲ್ಲಿ ದಿನಕ್ಕೊಂದು ಅಧ್ಯಾಯದಂತೆ ಓದುವ ಪದ್ಧತಿಯಿದೆ. ಅದರ ಒಂಬತ್ತನೆಯ ಅಧ್ಯಾಯ ಬಾಹ್ಯತಪಗಳನ್ನು ಆರೆಂದು ಎಣಿಸುತ್ತದೆ. ಮೊದಲನೆಯದು ಅನಶನ, ಎಂದರೆ ಉಪವಾಸ. ಎರಡನೆಯದು ಅವಮೌದರ್ಯ, ಎಂದರೆ ಹಸಿವೆಗಿಂತ ಕಡಿಮೆ ಉಣ್ಣುವುದು. ನಾಲ್ಕನೆಯದು ರಸಪರಿತ್ಯಾಗ, ಎಂದರೆ ತುಪ್ಪ, ಎಣ್ಣೆ, ಸಿಹಿ ಮೊದಲಾದ ರಸಗಳನ್ನು ಬಿಡುವುದು. ಆರೂ ತಪಗಳೇ. ಫಲಕದ ಮೇಲೆ ಮಾತ್ರ ಮೊದಲನೆಯದೊಂದಕ್ಕೇ ಜಾಗ ದೊರೆತಿರುವುದೇಕೆ? ಉಪವಾಸವನ್ನು ಎಣಿಸಬಹುದು, ಅವಮೌದರ್ಯವನ್ನು ಎಣಿಸಲಾಗುವುದಿಲ್ಲ. ಅರ್ಧ ಹೊಟ್ಟೆಗೆ ಎದ್ದವನನ್ನು ಮೆರವಣಿಗೆಯಲ್ಲಿ ಕೂರಿಸುವುದು ಹೇಗೆ? ಕಾರಣ ಇಷ್ಟೇ.

ಅನ್ನನಾಳದ ರೋಗಿಗೆ ವೈದ್ಯರು ಹೇಳುವುದೇನೆಂಬುದನ್ನು ಈ ಪಟ್ಟಿಯ ಪಕ್ಕದಲ್ಲಿಟ್ಟು ನೋಡಬೇಕು. ಹೊಟ್ಟೆ ಬಿರಿಯುವಂತೆ ಒಮ್ಮೆಲೇ ಉಣ್ಣಬೇಡಿ, ಸ್ವಲ್ಪಸ್ವಲ್ಪವಾಗಿ ಉಣ್ಣಿ ಎನ್ನುತ್ತಾರೆ: ಇದು ಅವಮೌದರ್ಯ. ಕರಿದದ್ದು, ಜಿಡ್ಡಿನದು, ಉರಿ ತರುವ ಖಾರ ಬಿಡಿ ಎನ್ನುತ್ತಾರೆ: ಇದು ರಸಪರಿತ್ಯಾಗ. ಮಲಗುವುದಕ್ಕೆ ಮೂರು ತಾಸು ಮೊದಲೇ ಊಟ ಮುಗಿಸಿ ಎನ್ನುತ್ತಾರೆ: ಸೂರ್ಯಾಸ್ತಕ್ಕೆ ಮುನ್ನ ಊಟ ಮುಗಿಸುವ ಶ್ರಾವಕನಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂಜೆ ಆರಕ್ಕೆ ಉಂಡು ಹತ್ತಕ್ಕೆ ಮಲಗುವವನ ಜಠರ ಅಷ್ಟರಲ್ಲಿ ಬಹುಮಟ್ಟಿಗೆ ಬರಿದಾಗಿರುತ್ತದೆ. ಹೀಗೆ ರಾತ್ರಿಭೋಜನತ್ಯಾಗವು ಎದೆಯುರಿಯ ರೋಗಿಗೆ ಪರಮಮಿತ್ರ.

ಹಾಗಾದರೆ ವಿರೋಧವಿರುವುದು ಜೈನ ಆಚಾರಕ್ಕೂ ವೈದ್ಯಕ್ಕೂ ನಡುವೆ ಅಲ್ಲ. ಜೈನ ಆಚಾರಕ್ಕೂ ಅದರ ಪ್ರದರ್ಶನಕ್ಕೂ ನಡುವೆ. ಏಕಭುಕ್ತವೆಂದು ದಿನಕ್ಕೊಮ್ಮೆ ಕುಳಿತು ಮೂರು ಹೊತ್ತಿನ ಊಟವನ್ನು ಒಂದೇ ಹೊತ್ತಿಗೆ ತುಂಬಿಕೊಳ್ಳುವುದು, ಪಾರಣೆಯ ದಿನ ಬರಿದಾದ ಹೊಟ್ಟೆಗೆ ಹೋಳಿಗೆ, ತುಪ್ಪ, ಭಜಿಗಳನ್ನು ಸುರಿಯುವುದು ಆರೋಗ್ಯವಂತನಿಗೂ ಹಿತವಲ್ಲ. ಸಡಿಲಾದ ಅನ್ನನಾಳದವನಿಗೆ ಅದು ರಾತ್ರಿಯಿಡೀ ಕುಳಿತು ಕೆಮ್ಮುವ ಶಿಕ್ಷೆ.

ಅದೇ ಸೂತ್ರಗ್ರಂಥದ ಆರನೆಯ ಅಧ್ಯಾಯವು ತೀರ್ಥಂಕರ ನಾಮಕರ್ಮಕ್ಕೆ ಕಾರಣವಾದ ಹದಿನಾರು ಭಾವನೆಗಳನ್ನು ಹೇಳುವಾಗ ತ್ಯಾಗ ಮತ್ತು ತಪಗಳಿಗೆ ‘ಶಕ್ತಿತಃ’ ಎಂಬ ವಿಶೇಷಣವನ್ನು ಸೇರಿಸಿದೆ: ತನ್ನ ಶಕ್ತಿಗನುಗುಣವಾಗಿ. ಆ ಭಾವನೆಗಳ ಪಟ್ಟಿಯಲ್ಲಿಯೇ ವೈಯಾವೃತ್ಯವೂ, ಎಂದರೆ ಸೇವೆಯೂ, ಇದೆ. ಒಂಬತ್ತನೆಯ ಅಧ್ಯಾಯದಲ್ಲಿ ವೈಯಾವೃತ್ಯವು ಆಭ್ಯಂತರ ತಪಗಳಲ್ಲೊಂದಾಗಿ ಬಂದು, ಅದಕ್ಕೆ ಪಾತ್ರರಾದ ಹತ್ತು ವರ್ಗದವರಲ್ಲಿ ‘ಗ್ಲಾನ’ನನ್ನು, ಎಂದರೆ ರೋಗಪೀಡಿತ ಮುನಿಯನ್ನು, ಪ್ರತ್ಯೇಕವಾಗಿ ಹೆಸರಿಸಲಾಗಿದೆ. ಸರ್ವಸಂಗವನ್ನು ಬಿಟ್ಟ ಮುನಿಯೇ ರೋಗಿಯಾದಾಗ ಸೇವೆಗೆ ಅರ್ಹನೆಂದು ಆಗಮ ಹೇಳುತ್ತಿರುವಾಗ, ಮನೆಮಾರು ಮಕ್ಕಳುಮರಿಗಳ ನಡುವಣ ಗೃಹಸ್ಥೆ ರೋಗಿಯಾದಾಗ ಅವಳಿಂದ ಇನ್ನಷ್ಟು ಕಾಯಕ್ಲೇಶವನ್ನು ನಿರೀಕ್ಷಿಸುವುದು ಯಾವ ನ್ಯಾಯ?

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರ ಇನ್ನೂ ಸ್ಪಷ್ಟ. ನಾಲ್ಕು ಶಿಕ್ಷಾವ್ರತಗಳನ್ನು ಹೇಳುವಾಗ ಅವರು ಪ್ರೋಷಧೋಪವಾಸವನ್ನೂ ವೈಯಾವೃತ್ಯವನ್ನೂ ಅಕ್ಕಪಕ್ಕದಲ್ಲಿರಿಸಿದ್ದಾರೆ. ಆ ವೈಯಾವೃತ್ಯದಲ್ಲಿ ಆಹಾರದಾನದೊಡನೆ ಔಷಧದಾನವೂ ಸೇರಿದೆ. ಎರಡರಲ್ಲಿ ಒಂದನ್ನು ಮೆರೆಸಿ ಇನ್ನೊಂದನ್ನು ಮರೆತ ಸಮಾಜ ಅರ್ಧ ಶ್ರಾವಕಾಚಾರವನ್ನಷ್ಟೇ ಪಾಲಿಸುತ್ತಿದೆ.

ಆಚಾರ್ಯರ ಹೊಟ್ಟೆಬೇನೆ

ಆ ಆಚಾರ್ಯರ ಜೀವನವೇ ಈ ವಿಷಯಕ್ಕೆ ಎಲ್ಲಕ್ಕಿಂತ ದೊಡ್ಡ ದೃಷ್ಟಾಂತ. ಸಮಂತಭದ್ರರಿಗೆ ಭಸ್ಮಕವ್ಯಾಧಿ ತಗುಲಿತ್ತೆಂಬುದು ಪರಂಪರೆಯ ಮಾತು. ಎಷ್ಟು ಉಂಡರೂ ಕ್ಷಣದಲ್ಲಿ ಬೂದಿಯಾಗಿ, ಉದರಾಗ್ನಿ ದೇಹವನ್ನೇ ಸುಡುವ ರೋಗವದು. ಇಂದಿನ ಯಾವ ರೋಗದೊಡನೆಯೂ ಅದನ್ನು ಸಮೀಕರಿಸುವ ಅಗತ್ಯವಿಲ್ಲ. ಶ್ರವಣಬೆಳಗೊಳದ 1129ರ ಮಲ್ಲಿಷೇಣ ಪ್ರಶಸ್ತಿಯಲ್ಲಿ ಈ ವ್ಯಾಧಿಯನ್ನು ಗೆದ್ದವರೆಂದೇ ಅವರ ಸ್ತುತಿಯಿದೆ. ದೇವಚಂದ್ರನ ಕನ್ನಡ ಗ್ರಂಥ ‘ರಾಜಾವಳಿ ಕಥೆ’ ಹೇಳುವಂತೆ, ವ್ಯಾಧಿ ತಾಳಲಾರದಾದಾಗ ಆ ಮಹಾಮುನಿ ಗುರುವಿನ ಬಳಿಗೆ ಹೋಗಿ ಸಲ್ಲೇಖನಕ್ಕೆ ಅಪ್ಪಣೆ ಬೇಡಿದರು. ಗುರುಗಳು ಕೊಡಲಿಲ್ಲ. ದೀಕ್ಷೆಯನ್ನು ಸದ್ಯಕ್ಕೆ ಇಳಿಸಿ, ರೋಗ ವಾಸಿಯಾಗುವಷ್ಟು ಆಹಾರ ಪಡೆದು, ಗುಣವಾದ ಮೇಲೆ ಮತ್ತೆ ದೀಕ್ಷೆ ತಳೆಯುವಂತೆ ಆಜ್ಞಾಪಿಸಿದರು. ಸಮಂತಭದ್ರರು ವೇಷ ಬದಲಿಸಿ ಶಿವಾಲಯವೊಂದರ ನೈವೇದ್ಯವನ್ನು ಉಂಡು ಗುಣಹೊಂದಿದರು. ಮರಳಿ ದೀಕ್ಷೆ ಪಡೆದರು.

ಈ ಕಥೆಯನ್ನು ಪ್ರವಚನಗಳಲ್ಲಿ ಚಂದ್ರಪ್ರಭ ಬಿಂಬದ ಅತಿಶಯಕ್ಕಾಗಿ ಹೇಳುತ್ತಾರೆ, ಗುರುವಿನ ಆಜ್ಞೆಯನ್ನು ಬೇಗ ದಾಟಿಬಿಡುತ್ತಾರೆ. ನಿಂತು ನೋಡಬೇಕಾದುದು ಅಲ್ಲಿಯೇ. ಮುನಿದೀಕ್ಷೆಗಿಂತ ದೊಡ್ಡ ವ್ರತವಿಲ್ಲ. ಅದನ್ನು ಕೂಡ ಚಿಕಿತ್ಸೆಗಾಗಿ ಇಳಿಸಲು ಗುರು ಅಪ್ಪಣೆ ಕೊಟ್ಟರು. ಇಂದು ಒಂದು ಗುಳಿಗೆಗಾಗಿ ಒಂದು ಲೋಟ ನೀರು ಕುಡಿದ ಶ್ರಾವಿಕೆಯನ್ನು ‘ವ್ರತ ಮುರಿದಳು’ ಎನ್ನುವವರು ಆ ಗುರುವಿಗಿಂತ ಕಠಿಣರೇ? ಅದೇ ಸಮಂತಭದ್ರರು ಸಲ್ಲೇಖನದ ಲಕ್ಷಣ ಹೇಳುವಾಗ, ಪ್ರತೀಕಾರವಿಲ್ಲದ ರೋಗ, ಮುಪ್ಪು ಮೊದಲಾದವು ಒದಗಿದಾಗ ಮಾತ್ರವೆಂದು ನಿಯಮಿಸಿದರು. ಪ್ರತೀಕಾರವಿರುವ ರೋಗಕ್ಕೆ ಪ್ರತೀಕಾರ ಮಾಡಬೇಕೆಂಬುದು ಇದರಿಂದ ತಾನಾಗಿಯೇ ಸಿದ್ಧಿಸುತ್ತದೆ.

2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯ ಸಲ್ಲೇಖನವನ್ನು ಆತ್ಮಹತ್ಯೆಗೆ ಸಮೀಕರಿಸಿದಾಗ ದೇಶದ ಜೈನರೆಲ್ಲ ಬೀದಿಗಿಳಿದು ಪ್ರತಿಭಟಿಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿಗೆ ತಡೆ ಕೊಟ್ಟಿತು. ಸಲ್ಲೇಖನಕ್ಕೆ ಕಾಲನಿಯಮವಿದೆ, ಪಾತ್ರನಿಯಮವಿದೆ, ಗುರುವಿನ ಅಪ್ಪಣೆ ಬೇಕು, ಅದು ಮನಬಂದಂತೆ ಮಾಡುವ ದೇಹದಂಡನೆಯಲ್ಲ ಎಂದು ಅಂದು ಸಮಾಜ ವಾದಿಸಿತು. ವಾದ ಸರಿಯಾಗಿತ್ತು. ಕೊನೆಯ ಉಪವಾಸಕ್ಕೆ ಇಷ್ಟು ನಿಯಮವಿದೆಯೆಂದು ಲೋಕಕ್ಕೆ ಹೇಳಿದವರು, ರೋಗಿಯ ವಾರ್ಷಿಕ ಉಪವಾಸಕ್ಕೆ ಯಾವ ನಿಯಮವೂ ಬೇಡವೆಂದು ಮನೆಯೊಳಗೆ ನಡೆದುಕೊಂಡರೆ ಲೋಕ ನಂಬುವುದು ಹೇಗೆ?

ಎದುರುವಾದಗಳು

ಮೊದಲನೆಯ ವಾದ: ರೋಗವು ಅಸಾತಾವೇದನೀಯ ಕರ್ಮದ ಉದಯ, ಸಹಿಸಿದರೆ ನಿರ್ಜರೆ. ಉದಯವಾದುದನ್ನು ಸಮತೆಯಿಂದ ಸಹಿಸಬೇಕೆಂಬುದು ನಿಜ. ಆದರೆ ತನಗಾಗಲಿ ಪರರಿಗಾಗಲಿ ದುಃಖ, ತಾಪಗಳನ್ನು ಉಂಟುಮಾಡುವುದು ಹೊಸ ಅಸಾತಾವೇದನೀಯದ ಆಸ್ರವಕ್ಕೆ ಕಾರಣವೆಂದು ತತ್ತ್ವಾರ್ಥಸೂತ್ರವೇ ಎಚ್ಚರಿಸಿದೆ. ಹಾಗಾದರೆ ಉಪವಾಸವೂ ದೋಷವಲ್ಲವೇ ಎಂಬ ಶಂಕೆಯನ್ನು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ಎತ್ತಿಕೊಂಡು ಸಮಾಧಾನ ಹೇಳಿದ್ದಾರೆ. ಅವರು ಕೊಟ್ಟ ದೃಷ್ಟಾಂತ ವೈದ್ಯನದೇ: ಕರುಣೆಯಿಂದ ಮುನಿಯ ಹುಣ್ಣನ್ನು ಕೊಯ್ದ ವೈದ್ಯನಿಗೆ, ನೋವುಂಟಾದರೂ, ಪಾಪಬಂಧವಿಲ್ಲ. ಎಂದರೆ ಭಾವವೇ ಪ್ರಧಾನ. ಕಷಾಯವಿಲ್ಲದ ತಪಸ್ಸಿಗೆ ಈ ರಕ್ಷಣೆಯುಂಟು. ಶಾಲಿನ ಆಸೆಯಿಂದ, ನೆರೆಮನೆಯ ಪೈಪೋಟಿಯಿಂದ, ಅತ್ತೆಯ ಮಾತಿನ ಅಂಜಿಕೆಯಿಂದ ಮಾಡಿದ ಉಪವಾಸಕ್ಕೆ ಅದು ದೊರೆಯದು.

ಎರಡನೆಯ ವಾದ: ದೇಹ ಬೇರೆ, ಆತ್ಮ ಬೇರೆ, ದೇಹದ ಚಿಂತೆ ಏಕೆ? ಭೇದವಿಜ್ಞಾನವನ್ನು ತನ್ನ ದೇಹದ ಮೇಲೆ ಪ್ರಯೋಗಿಸಿದರೆ ಅದು ಅಧ್ಯಾತ್ಮ, ಸೊಸೆಯ ದೇಹದ ಮೇಲೆ ಪ್ರಯೋಗಿಸಿದರೆ ಕ್ರೌರ್ಯ. ಇಲ್ಲಿ ಸೊಸೆಯ ಮಾತು ಸುಮ್ಮನೆ ಬಂದುದಲ್ಲ. ಲೂಪಸ್ ಮತ್ತು ಷೋಗ್ರೆನ್ ರೋಗಿಗಳಲ್ಲಿ ಹತ್ತರಲ್ಲಿ ಸುಮಾರು 9 ಮಂದಿ ಸ್ತ್ರೀಯರು. ರುಮಟಾಯ್ಡ್ ಸಂಧಿವಾತದಲ್ಲಿ ಪುರುಷರ ಎರಡು ಮೂರು ಪಟ್ಟು ಸ್ತ್ರೀಯರು. ಎಲ್ಲರಿಗೂ ಬಡಿಸಿ ಕೊನೆಗೆ ಉಳಿದ ಒಣ ರೊಟ್ಟಿಯನ್ನು ಖಾರದ ಚಟ್ನಿಯೊಡನೆ ಅವಸರದಲ್ಲಿ ನುಂಗಿ, ಉಂಡೊಡನೆ ಬಗ್ಗಿ ನೆಲ ಒರೆಸುವವಳು ಅವಳೇ. ಪರ್ವದಲ್ಲಿ ಅವಳಿಗೆ ತಪಸ್ಸಿನ ಉಪದೇಶಕ್ಕಿಂತ ಮೊದಲ ಪಂಕ್ತಿಯಲ್ಲಿ ಬಿಸಿ ಗಂಜಿ ಬೇಕು.

ಮೂರನೆಯ ವಾದ: ಔಷಧಿಯಲ್ಲಿ ಪ್ರಾಣಿಜನ್ಯ ವಸ್ತುಗಳಿರುತ್ತವೆ. ಈ ಆತಂಕ ನ್ಯಾಯವಾದುದು. ಕ್ಯಾಪ್ಸೂಲುಗಳ ಹೊದಿಕೆ ಬಹುಮಟ್ಟಿಗೆ ಎಲುಬು, ತೊಗಲುಗಳಿಂದ ತೆಗೆದ ಜಿಲೆಟಿನ್. ಆದರೆ ಇದಕ್ಕೆ ಪರಿಹಾರ ಔಷಧಿ ಬಿಡುವುದಲ್ಲ, ಕೇಳುವುದು. ಆಮ್ಲ ತಗ್ಗಿಸುವ ಔಷಧಿ ಕ್ಯಾಪ್ಸೂಲಿನಂತೆಯೇ ಗುಳಿಗೆಯ ರೂಪದಲ್ಲಿಯೂ ದೊರೆಯುತ್ತದೆ. ಸಸ್ಯಜನ್ಯ ಹೊದಿಕೆಯ ಕ್ಯಾಪ್ಸೂಲುಗಳೂ ಇವೆ. ‘ನಾವು ಜೈನರು, ಬದಲಿ ಕೊಡಿ’ ಎಂದರೆ ಯಾವ ವೈದ್ಯನೂ ಸಿಡಿಮಿಡಿಗೊಳ್ಳುವುದಿಲ್ಲ. ಹೇಳದೆ ಮನೆಗೆ ತಂದು, ಕ್ಯಾಪ್ಸೂಲು ಒಡೆದು, ಒಳಗಿನ ಕಾಳುಗಳನ್ನು ಅಗಿದು ನುಂಗುವವರಿದ್ದಾರೆ. ಅಗಿದರೆ ಅವು ಜಠರದ ಆಮ್ಲದಲ್ಲಿಯೇ ನಾಶವಾಗಿ ಫಲ ಕೊಡುವುದಿಲ್ಲ. ಒಂಬತ್ತನೆಯ ಶತಮಾನದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥ ರಚಿಸಿ, ಔಷಧಿಯಲ್ಲಿ ಮಾಂಸವನ್ನು ಖಂಡಿಸಿ, ಅದಿಲ್ಲದ ಚಿಕಿತ್ಸೆಯನ್ನು ಪ್ರತಿಪಾದಿಸಿದರು. ಅಹಿಂಸೆಗಾಗಿ ಅವರು ವೈದ್ಯವನ್ನು ತಿದ್ದಿದರೇ ಹೊರತು ತ್ಯಜಿಸಲಿಲ್ಲ.

ನಾಲ್ಕನೆಯ ವಾದ: ಪ್ರತ್ಯಾಖ್ಯಾನ ತೆಗೆದುಕೊಂಡ ಮೇಲೆ ಮುರಿಯಬಾರದು. ಶ್ವೇತಾಂಬರ ಸಂಪ್ರದಾಯದ ಪ್ರತ್ಯಾಖ್ಯಾನ ಪಾಠದಲ್ಲಿಯೇ ‘ಆಗಾರ’ಗಳೆಂಬ ವಿನಾಯಿತಿಗಳು ಸೇರಿವೆ; ತೀವ್ರ ವೇದನೆಯಲ್ಲಿ ಚಿತ್ತಸಮಾಧಿಗಾಗಿ ಔಷಧಿ ತೆಗೆದುಕೊಂಡರೆ ವ್ರತಭಂಗವಲ್ಲವೆಂಬುದು ಅವುಗಳಲ್ಲೊಂದು. ದಿಗಂಬರ ಶ್ರಾವಕನಿಗೆ ಮೊದಲೇ ಉದಾಹರಿಸಿದ ‘ಶಕ್ತಿತಃ’ ಎಂಬ ಪದ ಸಾಕು. ಪೂರೈಸಲಾಗದ ವ್ರತವನ್ನು ತೆಗೆದುಕೊಳ್ಳದಿರುವುದೇ ಮೊದಲ ವಿವೇಕ.

ಹಗಲೊಂದು ಸಾಕು

ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಸುಮಾರು ಹನ್ನೆರಡು ತಾಸುಗಳಿವೆ. ಸ್ಕ್ಲೀರೋಡರ್ಮಾ ರೋಗಿಗೆ ಬೇಕಾದ ನಾಲ್ಕೈದು ಸಣ್ಣ ಊಟಗಳು ಈ ಅವಧಿಯಲ್ಲಿ ಸುಖವಾಗಿ ಹಿಡಿಯುತ್ತವೆ. ಮೇಲೆ ಹೇಳಿದ ಔಷಧಿಗಳಲ್ಲಿ ಹೆಚ್ಚಿನವು ಬೆಳಗಿನವು. ಸಂಜೆಯದನ್ನು ಹೊತ್ತು ಮುಳುಗುವ ಮುನ್ನ ಕೊಡಲು ಬಹಳಷ್ಟು ಸಂದರ್ಭಗಳಲ್ಲಿ ಸಾಧ್ಯ. ರೋಗಿ ತನ್ನ ನಿಯಮವನ್ನು ವೈದ್ಯರಿಗೆ ಮೊದಲೇ ತಿಳಿಸಬೇಕು, ಅಷ್ಟೇ. ವೈದ್ಯರಿಂದ ವ್ರತವನ್ನೂ, ಮನೆಯವರಿಂದ ರೋಗವನ್ನೂ ಮುಚ್ಚಿಡುವುದರಿಂದಲೇ ಅನರ್ಥಗಳಾಗುತ್ತವೆ. ರಾತ್ರಿ ಬಾಯಿ ಒಣಗಿ ನಾಲಿಗೆ ಅಂಟಿಕೊಳ್ಳುವ ಷೋಗ್ರೆನ್ ರೋಗಿಗೆ ಸೋಸಿ ಕಾಯಿಸಿದ ನೀರಿನ ಗುಟುಕು ಬೇಕೇ ಆದರೆ, ಅದನ್ನು ಔಷಧಿಯೆಂದೇ ತಿಳಿಯಬೇಕು.

ಮನೆಯಲ್ಲಿ ಮಾಡಬಹುದಾದ ಕೆಲಸಗಳು ಸರಳ. ಮಂಚದ ತಲೆಗಡೆಯ ಕಾಲುಗಳ ಕೆಳಗೆ ಆರರಿಂದ ಎಂಟು ಇಂಚು ಎತ್ತರದ ಮರದ ತುಂಡುಗಳನ್ನಿಡಬೇಕು; ತಲೆದಿಂಬು ಹೆಚ್ಚಿಸಿದರೆ ಸಾಲದು, ಕತ್ತು ಮಾತ್ರ ಬಾಗುತ್ತದೆ. ಎಡಮಗ್ಗುಲಿಗೆ ಮಲಗುವುದು ಒಳ್ಳೆಯದು. ನುಂಗಲು ಕಷ್ಟವಾದವರಿಗೆ ಕಟಕು ರೊಟ್ಟಿಗೆ ಬದಲಾಗಿ ಅಂದೇ ಮಾಡಿದ ಜೋಳದ ನುಚ್ಚು, ಮೆತ್ತಗಿನ ಅನ್ನ, ಹೆಸರುಬೇಳೆಯ ತೊವ್ವೆ ಕೊಡಬೇಕು. ಖಾಲಿಹೊಟ್ಟೆಯ ಚಹಾ, ಬ್ಯಾಡಗಿ ಮೆಣಸಿನಕಾಯಿಯ ಚಟ್ನಿ, ಸಂಜೆಯ ಮಿರ್ಚಿ ಭಜಿ ಯಾರಿಗೆ ಉರಿ ತರುತ್ತವೆಯೋ ಅವರು ಬಿಡಬೇಕು. ಭಜಿಯನ್ನು ಬಿಡಲಾರದೆ ಅನ್ನವನ್ನು ಬಿಡುವ ವೈರಾಗ್ಯ ವಿಚಿತ್ರವಾದುದು.

ಕೆಲವು ಗುರುತುಗಳು ಕಂಡರೆ ಮನೆಮದ್ದು, ಪರ್ವ, ಪಂಚಾಂಗ ಯಾವುದನ್ನೂ ನೋಡದೆ ಆಸ್ಪತ್ರೆಗೆ ಹೋಗಬೇಕು: ತುತ್ತು ಎದೆಯಲ್ಲಿ ಸಿಕ್ಕಿಕೊಳ್ಳುವುದು, ನುಂಗುವಾಗ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತವಾಂತಿ, ಡಾಂಬರಿನಂಥ ಕಪ್ಪು ಮಲ. ರೋಗನಿರೋಧಶಕ್ತಿ ತಗ್ಗಿಸುವ ಔಷಧಿಯವರಲ್ಲಿ ಅನ್ನನಾಳಕ್ಕೆ ಶಿಲೀಂಧ್ರದ ಸೋಂಕು ತಗುಲಿ ನುಂಗುವಾಗ ನೋಯುವುದುಂಟು. ಇದು ಪಿತ್ತದ ಗುಳಿಗೆಯಿಂದ ಹೋಗದು. ಬೆವರಿನೊಡನೆ ಎದೆ ಹಿಂಡಿದಂತಾದರೆ ಅದನ್ನು ಎದೆಯುರಿಯೆಂದು ತಿಳಿಯದೆ ಹೃದಯದ ಪರೀಕ್ಷೆ ಮಾಡಿಸಬೇಕು.

ವಿಶ್ವಸ್ತ ಮಂಡಳಿಗಳ ಹೊಣೆ

ಕರ್ನಾಟಕದ ಜೈನ ಶಾಸನಗಳಲ್ಲಿ ಆಹಾರ, ಅಭಯ, ಭೈಷಜ್ಯ, ಶಾಸ್ತ್ರವೆಂಬ ನಾಲ್ಕು ದಾನಗಳಲ್ಲಿ ಸಂತೋಷಪಡುವವರೆಂಬ ಬಿರುದು ಮತ್ತೆ ಮತ್ತೆ ಬರುತ್ತದೆ. ಸವದತ್ತಿ ಅಂದು ಸುಗಂಧವರ್ತಿಯಾಗಿ ರಟ್ಟರ ರಾಜಧಾನಿಯಾಗಿತ್ತು; 980ರಲ್ಲಿ ರಟ್ಟ ಶಾಂತಿವರ್ಮ ಅಲ್ಲಿ ಬಸದಿ ಕಟ್ಟಿಸಿ ಭೂಮಿ ಬಿಟ್ಟ ಶಾಸನವಿದೆ. ಆ ಪರಂಪರೆಯ ವಾರಸುದಾರರು ಇಂದಿನ ವಿಶ್ವಸ್ತರು. ಹತ್ತಿರದ ಧಾರವಾಡದಲ್ಲಿ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ಸಂಸ್ಥೆಯ ವೈದ್ಯಕೀಯ ಮಹಾವಿದ್ಯಾಲಯ ಮತ್ತು ಆಸ್ಪತ್ರೆ ನಡೆಯುತ್ತಿವೆ. ಭೈಷಜ್ಯದಾನವನ್ನು ಇಂದಿಗೂ ದೊಡ್ಡ ಪ್ರಮಾಣದಲ್ಲಿ ಮಾಡಬಹುದೆಂಬುದಕ್ಕೆ ಜೈನ ಹೆಗ್ಗಡೆಯವರ ಆ ಸಂಸ್ಥೆಯೇ ಸಾಕ್ಷಿ. ಪ್ರತಿಯೊಂದು ಬಸದಿಯೂ ಆಸ್ಪತ್ರೆ ಕಟ್ಟಬೇಕಾಗಿಲ್ಲ. ಮಾಡಬೇಕಾದುದು ಇಷ್ಟು.

ಉಪವಾಸದ ಸಂಖ್ಯೆಯನ್ನು ಫಲಕದ ಮೇಲೆ ಬರೆಯುವುದನ್ನೂ, ಸಂಖ್ಯೆಗನುಗುಣವಾಗಿ ಸನ್ಮಾನಿಸುವುದನ್ನೂ ನಿಲ್ಲಿಸಬೇಕು. ನಿರ್ಜರೆಗೆ ಫಲಕ ಬೇಡ. ಹಲವು ದಿನಗಳ ಉಪವಾಸಕ್ಕೆ ಮುಂದಾದವರಿಗೆ ನಿತ್ಯ ಔಷಧಿಯಿದೆಯೇ ಎಂದು ಕೇಳಬೇಕು. ಇದ್ದರೆ ಆ ಸಂಗತಿಯನ್ನು ವ್ರತ ಕೊಡುವ ಮುನಿಮಹಾರಾಜರ ಅಥವಾ ಮಾತಾಜಿಯವರ ಗಮನಕ್ಕೆ ತರಬೇಕು, ವೈದ್ಯರ ಮಾತು ಕೇಳಿಬರಲು ಹೇಳಬೇಕು. ತಿಳಿದ ಮೇಲೆ ಯಾವ ತ್ಯಾಗಿಗಳೂ ರೋಗಿಗೆ ಶಕ್ತಿಮೀರಿದ ವ್ರತ ಕೊಡಲಾರರು. ಪಾರಣೆಯ ಅಡಿಗೆಯಲ್ಲಿ ಖಾರ, ಜಿಡ್ಡು ಇಲ್ಲದ ಮೆತ್ತಗಿನ ಆಹಾರವೊಂದು ಕಡ್ಡಾಯವಾಗಿರಬೇಕು. ಕೀಲು ಹಿಡಿದವರಿಗೆ ಪ್ರವಚನ ಮಂಟಪದಲ್ಲಿ ನಾಲ್ಕು ಕುರ್ಚಿಗಳನ್ನಿಡಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಔಷಧದಾನದ ಖಾತೆ. ಅಭಿಷೇಕದ ಸವಾಲಿನಲ್ಲಿ ಬರುವ ಹಣದ ಒಂದು ಭಾಗವನ್ನು ಇದಕ್ಕೆ ತೆಗೆದಿಡಬೇಕು. ದುರ್ಬೀನು ಪರೀಕ್ಷೆ, ರಕ್ತಪರೀಕ್ಷೆಗಳಿಗೆ ಬೆಳಗಾವಿಗೋ ಧಾರವಾಡ-ಹುಬ್ಬಳ್ಳಿಗಳಿಗೋ ಹೋಗಬೇಕಾಗುತ್ತದೆ. ಕಿತ್ತೂರಿನವರಿಗೆ ಹೆದ್ದಾರಿ ಪಕ್ಕದಲ್ಲಿಯೇ ಇದೆ; ರಾಮದುರ್ಗದವರಿಗೆ ಹೋಗಿಬರುವುದೇ ಒಂದು ದಿನದ ದುಡಿಮೆ. ನೇಕಾರಿಕೆಯಲ್ಲಿ, ಸಣ್ಣ ಅಂಗಡಿಯಲ್ಲಿ ದಿನದೂಡುವ ಮನೆಗಳು ಈ ಖರ್ಚಿಗೆ ಅಂಜಿಯೇ ‘ಪಿತ್ತ, ತಾನಾಗಿ ಹೋದೀತು’ ಎಂದು ಸುಮ್ಮನಿರುತ್ತವೆ. ಆ ಅಂಜಿಕೆಯನ್ನು ಕಳೆಯುವುದು ಔಷಧದಾನವೂ ಹೌದು, ಅಭಯದಾನವೂ ಹೌದು.

ವ್ಯಾಪಾರಿಗಳಾದ ಜೈನರಿಗೆ ಲೆಕ್ಕ ಹೇಳಿಕೊಡಬೇಕಾಗಿಲ್ಲ. ಒಬ್ಬರ ಸಾಲವನ್ನು ಇನ್ನೊಬ್ಬರ ಖಾತೆಗೆ ಜಮಾ ಹಾಕಿಕೊಳ್ಳುವುದು ಯಾವ ಖಿರ್ದಿಯಲ್ಲಿಯೂ ಸಲ್ಲದು. ರೋಗಿ ನೋವನ್ನು ತೆರುತ್ತಾಳೆ. ಮನೆತನ ಕೀರ್ತಿಯನ್ನೂ, ಸಭೆ ಪುಣ್ಯವನ್ನೂ ಬರೆದುಕೊಳ್ಳುತ್ತವೆ. ಈ ಬರಹವನ್ನು ಹೊಡೆದುಹಾಕಿ, ಮುಂದಿನ ಭಾದ್ರಪದದೊಳಗೆ ಪ್ರತಿಯೊಂದು ಬಸದಿಯ ಲೆಕ್ಕಪುಸ್ತಕದಲ್ಲಿ ‘ಔಷಧದಾನ’ವೆಂಬ ಹೊಸ ಪುಟ ತೆರೆಯಲಿ. ಗ್ಲಾನನ ಸೇವೆಯನ್ನು ತಪಸ್ಸೆಂದು ಎಣಿಸಿದ ಆಗಮಕ್ಕೆ ಸಲ್ಲಿಸಬಹುದಾದ ವಿನಯ ಅದೇ.